ಹಡಗಿನ ತಳದ ಬಾಗಿಲು

ಇದು ನಮ್ಮ ಪಕ್ಕದ ಮನೆ ಪೇಂಟರಕ್ಕನಿಗೆ ಆದದ್ದು. ಕಡಲ ದಡದ ಪಾರ್ಕಿನಲ್ಲಿ ಹಳೇ ಯುದ್ಧದ ಹಡಗು ನಿಲ್ಲಿಸಿದಾರಲ್ಲ, ಅದರ ತುಕ್ಕು ಕೆರೆದು ಬಣ್ಣ ಬಳಿಯೋ ಕೆಲಸ ಅವಳದು. ಹಡಗಿನ ಸುತ್ತ ಈಗ ಬರೀ ಸಿಮೆಂಟು, ಹುಲ್ಲು, ಮಕ್ಕಳ ಜಾರುಬಂಡೆ. ಅದಕ್ಕೆ ನೀರು ಸೋಕಿ ಎಷ್ಟು ಕಾಲವಾಯ್ತೋ.

ಅವತ್ತು ಕೆಲಸ ಮುಗಿಸಿ ಹೊರಟವಳು ಪಾರ್ಕಿನ ಆಲದ ಮರ ದಾಟಿದ್ದಳು, ಅಷ್ಟೇ. ಸೊಂಟ ತಡವಿಕೊಂಡಳು... ಮನೆ ಬೀಗದ ಕೈ ಇಲ್ಲ. ಹಡಗಿನೊಳಗೆ, ತಳದಲ್ಲೇ ಬಿಟ್ಟು ಬಂದಿದ್ದಳು. ಆಗಲೇ ಕಗ್ಗತ್ತಲು.

"ಬೇಗ ಬಾರಮ್ಮ, ಗೇಟು ಹಾಕಬೇಕು" ಅಂದ ವಾಚ್‌ಮನ್ ತಾತ.

ಮೊಬೈಲ್ ಬೆಳಕಲ್ಲಿ ಕಬ್ಬಿಣದ ಏಣಿ ಇಳಿದಳು. ಬೀಗದ ಕೈ ಸಿಕ್ತು. ಇನ್ನೇನು ತಿರುಗಬೇಕು...

ಟಕ್. ಟಕ್ ಟಕ್.

ಅಲ್ಲಿದ್ದ ದಪ್ಪ ಕಬ್ಬಿಣದ ಬಾಗಿಲಿನ ಆಚೆಯಿಂದ. ಯುದ್ಧದಲ್ಲಿ ನೀರು ನುಗ್ಗಿದಾಗ, ಹಡಗು ಮುಳುಗದಿರಲಿ ಅಂತ ಆ ಬಾಗಿಲನ್ನ ಈಚೆಯಿಂದ ಬಿಗಿದಿದ್ದರಂತೆ. ಒಳಗೆ ಜನ ಇರುವಾಗಲೇ.

ಪಾರ್ಕು ನೋಡೋಕೆ ಬಂದ ಯಾರೋ ಸಿಕ್ಕಿಕೊಂಡಿರಬೇಕು ಅಂದ್ಕೊಂಡು ಕಿವಿ ಇಟ್ಟಳು.

"ಯಾರದು..." ಪಿಸುದನಿ. "ನೀರು ಎಲ್ಲೀತನಕ ಬಂತು?"

ಹೇಗೋ ಬಾಯಿ ಬಿಟ್ಟಳು.

"ನೀರಿಲ್ಲ ಅಣ್ಣ... ಹಡಗು ದಡ ಸೇರಿದೆ."

ಬಾಗಿಲಾಚೆ ತುಂಬಾ ಜನ ಒಟ್ಟಿಗೆ ಉಸಿರು ಬಿಟ್ಟ ಹಾಗೆ... ಹುಸ್ಸ್...

"ಹಾಗಾದ್ರೆ ಬಾಗಿಲು ತೆಗಿ, ತಾಯಿ."

ಬಾಗಿಲು ಬಿಗಿದಿದ್ದ ಚಕ್ರ ಹಿಡಿದಳು. ಯಾಕೆ ತಿರುಗಿಸಿದೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. "ಅಷ್ಟು ಮೆತ್ತಗೆ ಕೇಳಿದರು, ಹೇಗೆ ಇಲ್ಲ ಅನ್ನಲಿ" ಅಂತಾಳೆ. ಕಿರ್ರ್... ಬೆರಳಷ್ಟು ತೆರೆಯಿತು. ಉಪ್ಪುನೀರಿನ ವಾಸನೆ ಮುಖಕ್ಕೆ ಹೊಡೆಯಿತು. ಹಿಂದೆ ನೋಡದೆ ಓಡಿದಳು. ಬೆನ್ನ ಹಿಂದೆ ಏಣಿಯ ಮೇಲೆ ತಪ್... ತಪ್... ತಪ್... ಒದ್ದೆ ಬರಿಗಾಲು.

ಗೇಟಿನ ಹತ್ತಿರ ತಾತನ ತೋಳು ಹಿಡಿದು ನಿಂತಳು. ಇಬ್ಬರೂ ತಿರುಗಿ ನೋಡಿದರು. ಯಾರೂ ಇಲ್ಲ. ಆದರೆ ಸಿಮೆಂಟಿನ ಮೇಲೆ ಹಸಿ ಹೆಜ್ಜೆಗಳು ಒಂದೊಂದಾಗಿ ಮೂಡುತ್ತಾ... ಇವರ ಕಡೆಗೇ ಬರುತ್ತಿದ್ದವು.

"ಉಸಿರೆತ್ತಬೇಡ" ಅಂದ ತಾತ. ಗೇಟನ್ನ ಪೂರ್ತಿ ತೆರೆದು, ಅವಳನ್ನ ಎಳೆದುಕೊಂಡು ಪಕ್ಕಕ್ಕೆ ಸರಿದ.

ಬೆಳಗ್ಗೆ ಆ ಬಾಗಿಲಾಚೆಯ ಕೋಣೆಯಲ್ಲಿ ಒಣ ಧೂಳು ಬಿಟ್ಟರೆ ಏನೂ ಇರಲಿಲ್ಲ. ಹೆಜ್ಜೆಗಳು ಮಾತ್ರ ಉಪ್ಪುಗಟ್ಟಿ ಹಾಗೇ ಉಳಿದಿದ್ದವು. ಸುಳ್ಳಲ್ಲ, ನಾನೇ ಹೋಗಿ ನೋಡಿದೀನಿ. ಕಡಲಿನ ಕಡೆ ಒಂದೂ ಹೋಗಿರಲಿಲ್ಲ. ಎಲ್ಲ ಬಸ್ ಸ್ಟಾಪಿನ ತನಕ ಒಟ್ಟಿಗೆ ಬಂದು, ಅಲ್ಲಿಂದ, ಮನೆಗೆ ಹೊರಟವರ ಹಾಗೆ, ಬೇರೆ ಬೇರೆ ಬೀದಿಗೆ ತಿರುಗಿದ್ದವು.

ನಮ್ಮ ಬೀದಿಗೂ ಒಂದು ಜೊತೆ ಹೆಜ್ಜೆ ಬಂದಿತ್ತು.