ಆಕಾಶದ ನೆವ

ಇಂಡಿ ಪಟ್ಟಣದ ಬಸ್ ನಿಲ್ದಾಣದಲ್ಲಿ ಚಡಚಣದ ಬಸ್ಸಿಗೆ ಕಾಯುತ್ತಿದ್ದ ಜಯಮಾಲಾಳ ಬೆನ್ನ ಹಿಂದಿನ ಬೆಂಚಿನಲ್ಲಿ ಇಬ್ಬರು ಹಿರಿಯರ ದನಿ ಏರಿತು. ಒಬ್ಬ ಹೆಣ್ಣಿನ ತಂದೆ ದಾವಲಮಲಿಕ, ಇನ್ನೊಬ್ಬ ಗಂಡಿನ ಸೋದರಮಾವ ಅಯೂಬ ಎಂಬುದು ಅವರ ಮಾತಿನಲ್ಲೇ ತಿಳಿಯಿತು.

"ನಿಮ್ಮ ಹುಡುಗ ತೌಸಿಫ ಡೇಟಾ ಸೆಂಟರ್‌ನ್ಯಾಗ ಏಸಿ ನೋಡ್ಕೊಳ್ಳಾಂವ. ನಾಳೆ ಆ ಕಂಪ್ಯೂಟರೆಲ್ಲಾ ರಾಕೆಟ್‌ನ್ಯಾಗ ಆಕಾಶಕ್ಕ ಹೊಕ್ಕಾವಂತ. ಅಲ್ಲಿ ಮೊದಲೇ ಥಂಡಿ. ಇವಗೇನ ಕೆಲಸ?" ಅಂದ ದಾವಲಮಲಿಕ.

"ಥಂಡಿ ಇದ್ರ ಏನಾತ್ರಿ? ಗಾಳಿ ಇಲ್ಲ. ಗಾಳಿ ಇರದಿದ್ರ ಮಷೀನಿನ ಕಾವು ಲಗೂನ ಹೋಗಂಗಿಲ್ಲ. ಅದನ್ನ ಹೊರಗ ಹಾಕಾಕ ಹೊಲದಷ್ಟು ಅಗಲ ತಗಡ ಹಾಸಬೇಕು. ಕೆಟ್ರ ರಿಪೇರಿಗೆ ಯಾರ ಹೊಕ್ಕಾರ?"

"ನೀವೇನ ಹೋಗಿ ನೋಡಿ ಬಂದೀರೇನು?"

"ನೀವು ಮೊಬೈಲ್‌ನ್ಯಾಗ ನೋಡೀರಿ. ಅಷ್ಟಕ್ಕ ಕೊಟ್ಟ ಮಾತು ತಪ್ಪಾಕತ್ತೀರಿ. ಹುಡುಗ ಬ್ಯಾಡಾಗಿದ್ರ ನೆಟ್ಟಗ ಹೇಳ್ರಿ. ಆಕಾಶ ಯಾಕ ನಡುವ ತರ್ತೀರಿ?"

ದಾವಲಮಲಿಕ ದನಿ ತಗ್ಗಿಸಿದ.

"ಅಲ್ಮಾಸ ಒಲ್ಲೆ ಅಂತಾಳ್ರಿ. ಮಗಳ ಮ್ಯಾಲೆ ಮಾತು ಬರಬಾರದು ಅಂತ ಹಿಂಗಂದೆ."

"ಮೊದಲ ಹೇಳಿದ್ರ ನಾ ಸುಮ್ಮನಾಗ್ತಿದ್ದೆ. ನಮ್ಮ ಹುಡುಗನ ಕೆಲಸಕ್ಕ ಯಾಕ ಹೆಸರಿಟ್ರಿ?"

ಅಷ್ಟರಲ್ಲಿ ಹೊರ್ತಿಯ ಬಸ್ಸು ಬಂದು ನಿಂತಿತು. ಅಯೂಬ ಸಲಾಮ್ ಕೂಡ ಹೇಳದೆ ಹತ್ತಿ ಮುಂದಿನ ಸೀಟು ಹಿಡಿದ. ದಾವಲಮಲಿಕನೂ ಅದೇ ಬಸ್ಸಿಗೆ ಹೋಗಬೇಕಿತ್ತು. ಅವನು ಎಲ್ಲರೂ ಹತ್ತುವವರೆಗೆ ಕಾದು, ತಲೆ ತಗ್ಗಿಸಿಕೊಂಡು ಅಯೂಬನನ್ನು ದಾಟಿ, ಕಟ್ಟಕಡೆಯ ಸೀಟಿಗೆ ಹೋಗುವುದು ಜಯಮಾಲಾಳಿಗೆ ಬಸ್ಸಿನ ಕಿಟಕಿಗಳಲ್ಲಿ ಕಂಡಿತು.