ಎಡಗೈಗೆ ತಿರುಗಿಸಿದ ಬೇಸ್ ಗಿಟಾರ್

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ ಮಧುಶ್ರೀಯ ಮುಂದಿನ ಸೀಟಿನಲ್ಲಿ ಗುರುತಿಲ್ಲದ ಅಣ್ಣ ತಂಗಿ ಕೂತಿದ್ದರು. ನಡುವೆ ಕರಿ ಚೀಲದಲ್ಲಿ ಬೇಸ್ ಗಿಟಾರ್. ಅಣ್ಣ ಜಿಪ್ ಎಳೆದು ನೋಡಿದವನೇ ಸಿಡಿದ.

“ಇಂಪನಾ, ತಂತಿನೆಲ್ಲ ಉಲ್ಟಾ ಹಾಕಿದೀಯಲ್ಲೇ!”

“ನಾನು ಎಡಚಿ. ಹಂಗಿದ್ರೇನೇ ನಂಗೆ ನುಡಿಸಕ್ಕೆ ಬರೋದು.”

“ಗಿಟಾರ್ ಯಾರ್ದು?”

“ನಿಂದೇ. ಬೈಕಿಂದ ಬಿದ್ದಮೇಲೆ ಒಂದಿನ ಮುಟ್ಟಿದೀಯಾ?”

“ಬೆರಳು ಸರಿಹೋಗ್ತವೆ ಅಂದಿದಾರೆ ಡಾಕ್ಟ್ರು.”

“ಅವರು ಅಂದಿದ್ದು ಹೋದ ವರ್ಷ, ಯೋಗಣ್ಣ.”

ಅವನು ಎಡಗೈಯನ್ನು ಜೇಬಿಗೆ ಇಳಿಸಿದ. ಮಧುಶ್ರೀ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಿವಿ ಮಾತ್ರ ಅಲ್ಲೇ ಇತ್ತು.

“ಇವತ್ತು ಸಂಜೆ ಆರ್ಕೆಸ್ಟ್ರಾದಲ್ಲಿ ನಿನ್ನ ಜಾಗದಲ್ಲಿ ನಾನೇ ನುಡಿಸೋದು. ಬೇಡ ಅಂದ್ರೆ ಈಗ್ಲೇ ಹೇಳು, ವಾಪಸ್ ಹೋಗ್ತೀನಿ.”

ಅವನು ಬಗ್ಗಿ ಮತ್ತೆ ಚೀಲದೊಳಗೆ ಇಣುಕಿದ.

“ಮೇಲ್ಗಡೆ ತಂತಿ ಕೂರೋ ಪಟ್ಟಿ ಬದಲಾಯಿಸಿದೀಯಾ?”

“ಇಲ್ಲ. ದಪ್ಪ ತಂತಿ ಜಾಗದಲ್ಲಿ ಸಣ್ಣ ತಂತಿ ಅಲ್ಲಾಡ್ತಿತ್ತು, ಪೇಪರ್ ತುರುಕಿದೆ.”

“ಪೇಪರಾ? ಮಾರಾಯ್ತಿ, ಮೊದಲ್ನೇ ಹಾಡಿಗೇ ಗರಗರ ಅನ್ನುತ್ತೆ. ಅಷ್ಟು ಜನರ ಮುಂದೆ ಮಾನ ಹೋಗುತ್ತೆ.”

ಬಸ್ಸು ನಿಲ್ದಾಣಕ್ಕೆ ಬಂತು. ಅವನು ಚೀಲವನ್ನು ಹೆಗಲಿಗೇರಿಸಿಕೊಂಡು ಇಳಿದ. ತಂಗಿ ಹಿಂದೆ, ಅವಳ ಹಿಂದೆ ಮಧುಶ್ರೀ.

“ಪ್ರೋಗ್ರಾಮ್ ಆ ಕಡೆ ಅಲ್ವಾ?” ತಂಗಿ ಕೇಳಿದಳು.

“ಮೊದ್ಲು ಗಿಟಾರ್ ಅಂಗಡಿ. ಎಡಗೈಯವರ ಪಟ್ಟಿ ಕೂರಿಸ್ಬೇಕು.”

“ಅದನ್ನ ಕೂರಿಸಿದ್ರೆ ಗಿಟಾರ್ ಮತ್ತೆ ನಿನ್ನ ಕೈಗೆ ಹೊಂದಲ್ಲ, ಅಣ್ಣ.”

“ಗೊತ್ತು. ಅಂಗಡಿಯವ್ನು ಬಾಗಿಲು ಹಾಕ್ತಾನೆ, ಬೇಗ ನಡಿ.”

ಅವನು ತಿರುಗಿ ನೋಡದೆ ಜನರ ನಡುವೆ ನುಗ್ಗಿದ. ತಂಗಿ ಅವನ ಹಿಂದೆ ಓಡಿದಳು.