ಸಿಪಾಯಿ ಕಲ್ಲು

...ಇಲ್ರಿ ಶಾಂತಕುಮಾರ ಪೇಂಟರ್ರ, ಮೊದಲ ಈ ಜೈತುನಬಿ ಕೈಯಾಗಿನ ಚಾ ಕುಡೀರಿ. ಬಿಸಲಾಗ ಜೇವರ್ಗಿಯಿಂದ ಬಂದೀರಿ, ಬೋರ್ಡ್ ಎಲ್ಲಿ ಓಡಿ ಹೋಗ್ತದ? ಕಮಿಟಿಯವರು ಏನ್ ಬರೀರಿ ಅಂದಾರ? 'ಅಜ್ಞಾತ ವೀರ ಯೋಧನ ಸ್ಮಾರಕ'... ಅಬಬಬ, ವೀರ ಅಂತ! ಗಾಣಗಾಪುರಕ್ಕ ನಡಕೊಂಡು ಹೋಗೋ ಈ ಹಳೇ ಹಾದ್ಯಾಗ ಇಷ್ಟು ವರ್ಷ ಎಮ್ಮಿ ಬಂದು ಆ ಕಲ್ಲಿಗಿ ಮೈ ತಿಕ್ಕೋತಿದ್ವು. ನಾಳೆ ಸಾಹೇಬ್ರು ಬಂದು ಸಲ್ಯೂಟ್ ಹೊಡೀತಾರಂತ.

ಯಾವ ಕಾಲದ ಸಿಪಾಯಿ? ನನಗೇನ್ ಗೊತ್ತ್ರಿ, ನಾ ಚಾ ಮಾರಾಕಿ. ಹೋದ ವಾರ ಒಬ್ರಿಗಿ ಬಹಮನಿ ಕಾಲದಂವ ಅಂದೆ, ಪಾಪ, ಚಪ್ಪಲಿ ಬಿಟ್ಟು ಕೈ ಮುಗದ್ರು. ಇನ್ನೊಬ್ರಿಗಿ ನಿಜಾಮನ ಫೌಜಿನಂವ ಅಂದೆ... ನಗಬ್ಯಾಡ್ರಿ, ಚಾ ಚೆಲ್ತದ. ಕಲ್ಲಿನ ಮ್ಯಾಲೆ 'ಸಿಪಾಯಿ' ಅಂತ ಅದ, ಅಷ್ಟೇ. ಹೆಸರು ಮಳಿಗಿ ಸವದು ಹೋಗ್ಯಾದ.

ಎಲ್ಲಿ ಹೊಂಟ್ರಿ? ಕಲ್ಲಿನ ಹತ್ರ ಯಾಕ?... ಬೆರಳಿಲೆ ಏನ್ ಮುಟ್ಟಿ ನೋಡಾಕತ್ತೀರಿ? ಮಳಿಗಿ ಸವದದ್ದು ಅಂದ್ನೆಲ್ಲ.

ಹಾಂ... ನೀವು ಅಕ್ಷರದ ಮಂದಿ. ನಡುವಿನ 'ಸಿಪಾಯಿ' ಬಿಟ್ಟು, ಮ್ಯಾಲಿನ ಸಾಲು, ಕೆಳಗಿನ ಸಾಲು ಅಷ್ಟೇ ಮಳಿ ಹೆಂಗ ಸವಸ್ತದ ಅಂತ ನೋಡಾಕತ್ತೀರಿ. ಬೆರಳಿಗಿ ಮಸಿ ಬ್ಯಾರೆ ಹತ್ತ್ಯಾದ.

ಬರ್ರಿ, ಇಲ್ಲಿ ಕೂಡ್ರಿ, ಹೇಳ್ತೀನಿ.

ಆ ಎರಡೂ ಸಾಲು ನಾನೇ ಕೆತ್ತಿ ತಗದೀನಿ. ಸಿಪಾಯಿ ಅಂದ್ರ ಫೌಜಿನಂವ ಅಂತ ತಿಳಕೊಂಡು ಕಮಿಟಿಯವರು ನೋಡಾಕ ಬರ್ತಾರಂತ ಕೇಳಿ, ಹಿಂದಿನ ದಿನ ಉಳಿ ಹಿಡದು ಕುಂತೆ. ಆಮ್ಯಾಲೆ ಹಳೇದರಂಗ ಕಾಣ್ಲಿ ಅಂತ ಒಲಿ ಮಸಿ ತಿಕ್ಕಿದೆ. ಮ್ಯಾಲೆ 'ಸಿಕಂದರ' ಅಂತ ಇತ್ತು. ಕೆಳಗ ಕಚೇರಿ ಹೆಸರು.

ನಮ್ಮ ಅಬ್ಬಾ. ಫೌಜಿಲ್ಲ ಗೀಜಿಲ್ಲ, ಕಚೇರಿ ಸಿಪಾಯಿ, ಜವಾನ. ಹೆಸರು ಸಿಕಂದರ, ಕೆಲಸ ಸಾಹೇಬ್ರಿಗಿ ಚಾ ತರೋದು! ಕಚೇರಿ ಕಾಗದಪತ್ರದ ಚೀಲ ಹೊತ್ಕೊಂಡು ಆಳಂದದಿಂದ ಅಫಜಲಪುರಕ್ಕ ನಡಕೋತ ಹೊಂಟಾಂವ ಇಲ್ಲೇ ಬಿಸಲಿಗಿ ಬಿದ್ದ. ಚೀಲ ಎದಿಗಿ ಅವಚಿಕೊಂಡೇ ಇದ್ದ. ಅವನ ಜೋಡಿ ಕೆಲಸ ಮಾಡೋ ಸಿಪಾಯಿಗೋಳು ಕೂಡಿ ಕಲ್ಲು ನಿಲ್ಸಿದ್ರು. ಅವರೂ ಈಗ ಯಾರೂ ಇಲ್ಲ.

ಖರೇ ಬರೀತೀರಿ? ಬರೀರಿ, ಬ್ಯಾಡ ಅನ್ನಂಗಿಲ್ಲ. ಅವನ ಹೆಸರು ನನ್ನ ಕೈಲೇ ಅಳಿಸೀನಿ, ನಿದ್ದಿ ಹತ್ತಂಗಿಲ್ಲ ನನಗ. ಆದ್ರ ನಾಡಿದ್ದು ಬರೀರಿ, ಪೇಂಟರ್ರ. ಇಪ್ಪತ್ತು ವರ್ಷ ಸಾಹೇಬ್ರ ಬಾಗಲ್ದಾಗ ನಿಂತಾನ್ರಿ ನಮ್ಮ ಅಬ್ಬಾ. ನಾಳೆ ಒಂದು ನಿಮಿಷ ಸಾಹೇಬ್ರು ಅವನ ಮುಂದ ನಿಲ್ಲಲಿ.